ಕಾಮಾಲೆ ಇಲ್ಲದ ಲ್ಯಾಪ್‌ಟಾಪ್

ಹುಬ್ಬಳ್ಳಿಯ ಆ ಲ್ಯಾಪ್‌ಟಾಪ್ ಅಂಗಡಿಯಲ್ಲಿ ಅವತ್ತು ಗಿರಾಕಿಗಳು ಅಂತ ಇದ್ದವರು ನಾವು ಮೂವರೇ. ನಾನು, ಒಂಬತ್ತನೇ ತರಗತಿ ಓದುವ ನನ್ನ ಮಗಳು ನಾಜಿಯಾ, ಮತ್ತು ಕಣ್ಣಿಗೆ ದೊಡ್ಡ ಕಪ್ಪು ಕನ್ನಡಕ ಹಾಕಿಕೊಂಡ ನನ್ನ ಅಮ್ಮಾ. ಅಮ್ಮಾನ ಕಣ್ಣಿನ ಪೊರೆ ತೆಗೆಸಿ ಕೆಲವು ವಾರಗಳಾಗಿದ್ದವು. ದವಾಖಾನೆಯಲ್ಲಿ ತೋರಿಸಿ, "ಕಣ್ಣು ಅಗದಿ ಛಲೋ ಆಗೈತ್ರಿ" ಎಂದು ಡಾಕ್ಟರರ ಬಾಯಿಂದ ಹೇಳಿಸಿಕೊಂಡು, ಹೊರಗೆ ಬಂದು ಗಿರ್ಮಿಟ್ಟು ತಿಂದು, ಇನ್ನೇನು ಬಸ್ ಸ್ಟ್ಯಾಂಡಿಗೆ ಹೊರಡಬೇಕು ಅನ್ನುವಾಗ, "ಬರೀ ನೋಡಿ ಬರೂಣಮ್ಮಾ, ಹಿಂಗ ಹೋಗಿ ಹಂಗ ಬರೂದು" ಎಂದು ನಾನೇ ಒಳಗೆ ಕರೆದುಕೊಂಡು ಹೋಗಿದ್ದೆ. ಹಿಂಗ ಹೋದವರು ಹಂಗ ಬರಲಿಲ್ಲ. ಸಂಜೆಯ ತನಕ ಅಲ್ಲೇ ಇದ್ದೆವು. ನಮ್ಮ ಚಪ್ಪಲಿಗೆ ಅಂಟಿಕೊಂಡು ಬಂದ ಎರೆಮಣ್ಣು ಅವರ ಬಿಳೀ ಟೈಲ್ಸಿನ ಮೇಲೆಲ್ಲ ಹೆಜ್ಜೆ ಮೂಡಿಸಿತ್ತು. ಅಂಗಡಿಯ ಬಸವರಾಜ ಪಾಪ, ಅದನ್ನು ನೋಡಿಯೂ ನೋಡದಂತೆ ನಮಗೆ ಚಹಾ ತರಿಸಿದ.

ಈಗ ಇದನ್ನು ಬರೆಯುತ್ತಿರುವ ನನ್ನ ಮೇಜಿನ ಬದಿಗೆ ಒಂದು ಚಿಕ್ಕ ಜಮಖಾನೆ ಇದೆ. ಸರಿಯಾಗಿ ಲ್ಯಾಪ್‌ಟಾಪಿನ ಅಳತೆಯದು. ಕೆಲಸ ಮುಗಿದ ಮೇಲೆ ಲ್ಯಾಪ್‌ಟಾಪನ್ನು ಮುಚ್ಚಿ ಅದರ ಮೇಲೆ ಮಲಗಿಸುವುದು ನಮ್ಮ ಮನೆಯ ರೂಢಿ. ಕೆಲಸ ನಡೆದಾಗ ಮಾತ್ರ ಜಮಖಾನೆ ತೆಗೆಯಬೇಕು, ಯಂತ್ರಕ್ಕೆ ಉಸಿರಾಡಲು ಜಾಗ ಬೇಕು ಎಂದು ಮಗಳ ಅಪ್ಪಣೆ. ಕೆಂಪು ನೆಲ, ನಡುವೆ ಎರಡು ನವಿಲು. ಅಂಚಿನ ಹತ್ತಿರ ಒಂದು ಸಾಲು ಸಡಿಲಾಗಿ, ಡೊಂಕಾಗಿ ಕೂತಿದೆ. ಮನೆಗೆ ಬಂದವರ ಕಣ್ಣು ನವಿಲನ್ನು ಬಿಟ್ಟು ನೇರ ಅಲ್ಲಿಗೇ ಹೋಗುತ್ತದೆ. "ಕೈಕೆಲಸ ಅಲ್ಲೇನ್ರಿ, ಹಂಗ ಇರ್ತಾವ ಬಿಡ್ರಿ" ಎಂದು ಅವರೇ ನನಗೆ ಸಮಾಧಾನ ಹೇಳುತ್ತಾರೆ. ನಾನು ಹೌದ್ರಿ ಅನ್ನುತ್ತೇನೆ. ಆ ಸಾಲಿನ ಸಂಗತಿ ಹೇಳಬೇಕೆಂದರೆ ನವಲಗುಂದದ ನನ್ನ ತವರುಮನೆಯ ಪರದೆಯಿಂದ ಶುರು ಮಾಡಬೇಕಾಗುತ್ತದೆ. ಅಷ್ಟು ಹೊತ್ತು ಬಸವರಾಜನ ಚಹಾ ಕುಡಿಯುತ್ತ ಅಮ್ಮಾ ಅಲ್ಲೇ ಕುಳಿತಿರಲಿ.

ನಮ್ಮದು ಜಮಖಾನೆ ನೇಯುವ ಮನೆ. ನೇಯುವವರು ಹೆಂಗಸರೇ. ನಡುಮನೆಯ ಹಿಂದಿನ ಕೋಣೆಯಲ್ಲಿ ಎತ್ತರದ ಮಗ್ಗ ನಿಂತಿತ್ತು. ಆ ಕೋಣೆಗೆ ಬಾಗಿಲಿರಲಿಲ್ಲ, ಗೋಣಿತಾಟಿನ ಪರದೆ ಇತ್ತು. ಪರದೆಯ ಆಚೆ ದಾದಿ ಮತ್ತು ಅಮ್ಮಾ, ಅಂದರೆ ನನ್ನ ಅಜ್ಜಿ ಮತ್ತು ತಾಯಿ, ಒಬ್ಬರ ಬಾಜು ಒಬ್ಬರು ಕುಳಿತು ನೇಯುತ್ತಿದ್ದರು. ಪರದೆಯ ಈಚೆ ನಾನು. ಮನೆಯ ಹೆಣ್ಣುಮಕ್ಕಳು ಆ ಕೋಣೆಗೆ ಹೋಗುವಂತಿರಲಿಲ್ಲ. ಮಗಳು ಇವತ್ತಲ್ಲ ನಾಳೆ ಮದುವೆಯಾಗಿ ಬೇರೆ ಮನೆ ಸೇರುವವಳು. ಅವಳ ಕೂಡ ಮನೆಯ ಕಸಬೂ ಹೊರಟು ಹೋದರೆ ಏನು ಗತಿ? ಸೊಸೆ ಹಾಗಲ್ಲ, ಉಳಿಯಲಿಕ್ಕೆ ಬಂದವಳು. ಆದ್ದರಿಂದ ನೇಯ್ಗೆ ಕಲಿಸುವುದು ಸೊಸೆಗೆ ಮಾತ್ರ. ಈ ಕಟ್ಟಳೆ ಮಾಡಿದವರು ಯಾರು ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಅಮ್ಮಾನ ತವರಿನಲ್ಲೂ ಮಗ್ಗವಿತ್ತಂತೆ. ಅಲ್ಲಿ ಅವಳೂ ಪರದೆಯ ಈಚೆಯೇ ಬೆಳೆದವಳು. ನಮ್ಮ ಮನೆಗೆ ಬಂದ ಮೇಲೆ ದಾದಿ ಅವಳನ್ನು ಒಳಗೆ ಕೂರಿಸಿಕೊಂಡು ಕಲಿಸಿದ್ದು.

ಹಾಗಾಗಿ ನನ್ನ ಪಾಲಿಗೆ ನೇಯ್ಗೆ ಎಂದರೆ ಒಂದು ಸದ್ದು. ಪಂಜಾ ಎಂದು ಕಬ್ಬಿಣದ ಹಲ್ಲುಗಳ ಒಂದು ಹಣಿಗೆ ಇರುತ್ತದೆ, ಹಾಕಿದ ನೂಲನ್ನು ಅದರಿಂದ ಬಡಿದು ಬಡಿದು ಕೂರಿಸುತ್ತಾರೆ. ಇಷ್ಟನ್ನು ಪೇಟೆಯವರೆಲ್ಲ ಬಲ್ಲರು, ಹೇಳಿದರೆ ತಪ್ಪಿಲ್ಲ. ನನಗೆ ನಿದ್ದೆ ಹತ್ತುತ್ತಿದ್ದುದು ಪಂಜಾದ ಸದ್ದಿಗೆ. ಎಚ್ಚರವಾಗುತ್ತಿದ್ದುದು ಅದು ನಿಂತಾಗ. ಒಳಗಿನಿಂದ ಹೊರಬರುವ ಜಮಖಾನೆಗಳ ಮೇಲೆ ನವಿಲುಗಳಿರುತ್ತಿದ್ದವಲ್ಲ, ಅವನ್ನು ಕಂಡು ನಾನು, ಒಳಗೆ ನಿಜವಾದ ನವಿಲೊಂದಿದೆ, ಅದನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿ ನೋಡಿ ನೇಯುತ್ತಾರೆ ಎಂದು ನಂಬಿದ್ದೆ. ಪಾಪ, ಅದಕ್ಕೆ ಹಸಿವಾಗಿರುತ್ತದೆ ಎಂದು ಪರದೆಯ ಕೆಳಗಿನಿಂದ ಜೋಳದ ಕಾಳು ತೂರಿಸುತ್ತಿದ್ದೆ.

"ಇಲಿ ಬರ್ತಾವ ಲೇ! ಕಾಳ ಚೆಲ್ಲಬ್ಯಾಡ!" ಎಂದು ಒಳಗಿನಿಂದ ಅಮ್ಮಾ ಕೂಗುವವಳು.

ನಮ್ಮ ಮನೆಯ ಮಾತು ಅರ್ಧ ಉರ್ದು, ಅರ್ಧ ಕನ್ನಡ. ಮುದ್ದು ಮಾಡುವುದು ಉರ್ದುವಿನಲ್ಲಿ, ಬೈಯುವುದು ಕನ್ನಡದಲ್ಲಿ. ಹೀಗಾಗಿ ನನ್ನ ಕನ್ನಡ ಬೇಗ ಬಲಿಯಿತು.

ಅದು ಇನ್ನಷ್ಟು ಬಲಿತದ್ದು ಬಾಜು ಮನೆಯ ಗಂಗವ್ವಾಯಿಯ ಕಟ್ಟೆಯ ಮೇಲೆ. ಪರದೆಯ ಹತ್ತಿರ ನನ್ನ ನೆರಳು ಕಂಡರೆ ಸಾಕು, "ಆಯಿ ಕಡೆ ಹೋಗು" ಎಂಬ ಅಪ್ಪಣೆ ಬರುತ್ತಿತ್ತು. ಆಯಿ ಹಣೆಯ ತುಂಬ ವಿಭೂತಿ ಬಳಿದುಕೊಂಡು, ಕಾಲು ಚಾಚಿ ಕುಳಿತು, ಮರದ ತುಂಬ ಜೋಳ ಹಾಕಿಕೊಂಡು ಕೇರುತ್ತಿರುತ್ತಿದ್ದಳು. ಅವಳಿಗೆ 'ಅದು, ಇದು' ಎಂದರೆ ಮೈಯೆಲ್ಲ ಉರಿ.

"ಆಯಿ, ಅದನ್ನ ಕೊಡ."

"ಅದು ಅಂದ್ರ ಯಾವದ? ಅದಕ್ಕೇನ ಹೆಸರಿಲ್ಲೇನು? ನಿನಗ ಯಾರರ 'ಏ ಅದು, ಬಾ ಇಲ್ಲೆ' ಅಂತ ಕರದ್ರ ಹೆಂಗಾಗ್ತೈತಿ? ಹೆಸರ ಹಿಡದ ಕೇಳ ಬೇ."

ಹೆಸರು ಹೇಳಿದರೆ ಬೆಲ್ಲದ ಚೂರು. ಬಾರದಿದ್ದರೆ ಅವಳೇ ಹೇಳಿಕೊಟ್ಟು, ನನ್ನ ಬಾಯಿಂದ ಹೇಳಿಸಿ, ಅರ್ಧ ಚೂರು. ಮರ, ಜರಡಿ, ಸಾಣಿಗೆ, ಹೆಡಿಗೆ, ಬೀಸುಕಲ್ಲಿನ ಗೂಟ. ಮಳೆಗೇ ಅವಳ ಹತ್ತಿರ ಹಲವು ಹೆಸರುಗಳಿದ್ದವು, ಒಂದೊಂದು ಮಳೆ ಬಿದ್ದಾಗಲೂ ಒಂದೊಂದು ಚೂರು ಬೆಲ್ಲ. ಹೀಗೆ ಬೆಲ್ಲದ ಆಸೆಗೆ ಕಲಿತ ಭಾಷೆ ನನ್ನದು. ಇವತ್ತು ಅದನ್ನೇ ಕಲಿಸಿ ಸಂಬಳ ತೆಗೆದುಕೊಳ್ಳುತ್ತೇನೆ. ಅಮ್ಮಾ ಆಗಲೇ ಪರದೆ ಸರಿಸಿ ಒಳಗೆ ಕರೆದಿದ್ದರೆ ನಾನು ಆ ಕಟ್ಟೆ ಹತ್ತುತ್ತಿದ್ದೆನೋ ಇಲ್ಲವೋ. ಈಗ ಆಯಿ ಇಲ್ಲ. ಬೆಲ್ಲ ಬಾಯಿಗೆ ಹಾಕಿಕೊಂಡಾಗ ನೆನಪಾಗುತ್ತಾಳೆ, ಅದೂ ಹೆಸರು ಹೇಳದೆ ತಿಂದೆನಲ್ಲ ಎಂಬ ಸಣ್ಣ ಅಳುಕಿನೊಂದಿಗೆ.

ಆದರೂ ಒಂದು ಮುಳ್ಳು ಉಳಿದಿತ್ತು. ನಾನು ಕಾಲೇಜಿಗೆ ಹೋಗುವಾಗ ಅಣ್ಣನ ಮದುವೆಯಾಯಿತು. ಶಮೀಮ್ ಭಾಬಿ ಬಂದಳು. ಮದುವೆಯ ಚಪ್ಪರ ಬಿಚ್ಚಿದ್ದೇ ತಡ, ಅಮ್ಮಾ ಅವಳ ಕೈ ಹಿಡಿದು ಪರದೆಯ ಒಳಗೆ ಕರೆದುಕೊಂಡು ಹೋದಳು. ಮೊನ್ನೆ ಬಂದವಳು ಒಳಗೆ, ಇಲ್ಲೇ ಹುಟ್ಟಿದವಳು ಹೊರಗೆ! ಭಾಬಿ ಒಳ್ಳೆಯವಳು, ಒಳಗಿನ ಮಾತನ್ನು ಒಂದು ದಿನವೂ ಹೊರಗೆ ತರಲಿಲ್ಲ. ಉಳಿದ ಬಣ್ಣದ ನೂಲಿನ ತುಂಡುಗಳನ್ನು ಹೆಣೆದು ನನ್ನ ಕೈಗೆ ಕಟ್ಟುತ್ತಿದ್ದಳು. ನಾನು ಅದನ್ನು ಕಟ್ಟಿಸಿಕೊಂಡು, ಅವಳ ಮೇಲೆ ಹೊಟ್ಟೆಕಿಚ್ಚನ್ನೂ ಪಡುತ್ತಿದ್ದೆ. ಭಾಬಿಗೆ ಇಬ್ಬರೂ ಹೆಣ್ಣುಮಕ್ಕಳಾದರು. ಅವರೂ ಪರದೆಯ ಈಚೆ ಆಡಿ ಬೆಳೆದು, ಮದುವೆಯಾಗಿ ಹೋದರು. ಗಂಡುಮಗನಿಲ್ಲದ ಮನೆಗೆ ಇನ್ನು ಸೊಸೆ ಬರುವ ಹಾದಿಯಿರಲಿಲ್ಲ. ಅಂದರೆ ಕಲಿಸುವುದಕ್ಕೆ ಯಾರೂ ಉಳಿಯಲಿಲ್ಲ. ಅಮ್ಮಾ ಇದನ್ನು ಬಾಯಿ ಬಿಟ್ಟು ಹೇಳಿದವಳಲ್ಲ. ಆದರೆ ಈಚಿನ ವರ್ಷಗಳಲ್ಲಿ ಕೆಲಸ ಮುಗಿಸಿ ಹೊರಗೆ ಬರುವಾಗ ಪರದೆಯನ್ನು ಎಳೆದು, ಒಂದು ಕ್ಷಣ ಅದನ್ನು ಹಿಡಿದುಕೊಂಡೇ ನಿಲ್ಲುತ್ತಿದ್ದಳು.

ನಾನು ಮದುವೆಯಾಗಿ ಬಂದದ್ದು ಕುಂದಗೋಳ ತಾಲೂಕಿನ ಯರಗುಪ್ಪಿಗೆ. ಅಲ್ಲೇ ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಪ್ರಶ್ನೆಪತ್ರಿಕೆ, ಪಾಠದ ಯೋಜನೆ, ಮೇಲಿನವರಿಗೆ ಕಳಿಸುವ ವರದಿ, ಎಲ್ಲವನ್ನೂ ಮೊಬೈಲಿನಲ್ಲಿ ಹೆಬ್ಬೆರಳಿನಿಂದ ಕುಟ್ಟಿ ಕುಟ್ಟಿ ನನ್ನ ಬೆರಳು ಒನಕೆಯಾಗಿತ್ತು. ಲ್ಯಾಪ್‌ಟಾಪ್ ಕೊಳ್ಳಬೇಕು ಎಂದು ಸ್ಟಾಫ್ ರೂಮಿನಲ್ಲಿ ಒಂದು ಮಾತು ಅಂದೆ ನೋಡಿ, ಆ ದಿನದಿಂದ ಎಲ್ಲರೂ ಪಂಡಿತರಾದರು. ಗಣಿತದವರು ದೊಡ್ಡದು ತಗೊಳ್ಳಿ ಅಂದರು, ವಿಜ್ಞಾನದವರು ಸಣ್ಣದು ತಗೊಳ್ಳಿ ಅಂದರು. ಡ್ರಿಲ್ ಮಾಸ್ತರರು, "ಬಿದ್ರ ಒಡೀಬಾರ್ದು ನೋಡ್ರಿ, ಅಂಥಾದ್ದ ತಗೋರಿ" ಅಂದರು. ನನಗೆ ಅವರ ಮಾತೊಂದೇ ಪೂರ್ತಿ ತಿಳಿದದ್ದು.

ಅದೇ ಹೊತ್ತಿಗೆ ನಾಜಿಯಾಳ ತರಗತಿಗೆ ಒಂದು ಕೆಲಸ ಕೊಟ್ಟರು. ತಮ್ಮ ಕಡೆಯ ಯಾವುದಾದರೊಂದು ಕೈಕೆಲಸದ ಬಗ್ಗೆ ಪುಟ್ಟ ವಿಡಿಯೊ ಮಾಡಿ ತೋರಿಸಬೇಕು. ಇವಳು ಎದ್ದು ನಿಂತು ಎಲ್ಲರ ಮುಂದೆ ಹೇಳಿ ಬಂದುಬಿಟ್ಟಳು.

"ಅಮ್ಮಿ, ನಾನಿ ಜಮಖಾನಿ ನೇಯೂದ ತೋರಸ್ತೀನಿ ಅಂತ ಹೇಳಿ ಬಂದೀನಿ."

"ಯಾರನ್ನ ಕೇಳಿ ಹೇಳಿದಿ? ಆ ಕ್ವಾಣಿ ಒಳಗ ನಾನ ಕಾಲಿಟ್ಟಿಲ್ಲ."

"ನೀ ಕೇಳಿಲ್ಲ, ಅದಕ್ಕ ಇಟ್ಟಿಲ್ಲ. ನಾ ಕೇಳ್ತೀನಿ."

ತನ್ನ ನಾನಿಗೆ, ಅಂದರೆ ನನ್ನ ಅಮ್ಮಾನಿಗೆ, ಫೋನು ಮಾಡಿ ಕೇಳಿದಳು. ಅಮ್ಮಾ, "ಅದಾಗೂದಿಲ್ಲ ಬೇಟಾ, ಉಂಡೇನು?" ಅಂದಳು. ಆಗೂದಿಲ್ಲ ಎಂಬುದಕ್ಕೂ ಉಂಡೇನು ಎಂಬುದಕ್ಕೂ ನಡುವೆ ಉಸಿರು ತೆಗೆದುಕೊಳ್ಳಲಿಲ್ಲ. ನಾಜಿಯಾ ಮುಖ ಊದಿಸಿಕೊಂಡು ಓಡಾಡತೊಡಗಿದಳು. ತರಗತಿಯಲ್ಲಿ ಹೇಳಿದ ಮಾತು, ಹಿಂದೆಗೆದುಕೊಳ್ಳಲಾಗದು. ನಾನಿಯನ್ನು ಮೀರಲೂ ಆಗದು. ಅವಳನ್ನು ನೋಡಿದರೆ ಪರದೆಯ ಹತ್ತಿರ ನಿಂತ ನನ್ನದೇ ನೆರಳು ಕಂಡಂತಾಗುತ್ತಿತ್ತು. ಅಮ್ಮಾನ ಕಣ್ಣು ತೋರಿಸಲು ಹುಬ್ಬಳ್ಳಿಗೆ ಹೊರಟಾಗ ಇವಳನ್ನೂ ಕರೆದುಕೊಂಡೆ, ಲ್ಯಾಪ್‌ಟಾಪ್ ನೋಡಿಯಾದರೂ ಮುಖ ಇಳಿದೀತು ಎಂದು.

ಸರಿ, ಬಸವರಾಜನ ಅಂಗಡಿಗೆ ಹೋಗೋಣ. ಚಹಾ ಆಗಿರಬೇಕು.

"ಏನ್ ಕೆಲಸಕ್ಕ ಬೇಕ್ರಿ ಟೀಚರ್ರ?"

"ಸಾಲಿ ಕೆಲಸಕ್ಕ. ಮತ್ತ ಈಕಿಗೆ ಸಣ್ಣಪುಟ್ಟ ವಿಡಿಯೊ ಕತ್ತರಿಸಿ ಜೋಡಸಾಕ."

ಅವನು ಸಾಲಾಗಿ ಲ್ಯಾಪ್‌ಟಾಪುಗಳನ್ನು ತೆರೆದಿಟ್ಟ. ನಾನು ತಿಳಿದವಳಂತೆ ಬೆರಳು ಮಾಡಿದೆ: "ಇದು... ಈ ಕೆಳಗಿಂದು ದೊಡ್ಡದೈತಲ್ಲ, ಅದು... ಅದರ ಒಳಗ ಅದು ಎಷ್ಟೈತಿ?" ಕನ್ನಡ ಟೀಚರ ಬಾಯಲ್ಲಿ ಬರೀ ಅದು, ಇದು. ಆಯಿ ಇದ್ದಿದ್ದರೆ ಅವತ್ತು ನನಗೆ ಬೆಲ್ಲದ ಧೂಳೂ ಸಿಗುತ್ತಿರಲಿಲ್ಲ. ನಾಜಿಯಾ ನನ್ನ ಸೆರಗು ಜಗ್ಗಿ, ಎಲ್ಲದರ ಹೆಸರು ಹಿಡಿದು ಕೇಳತೊಡಗಿದಳು. ಬಸವರಾಜನಿಗೆ ಜೀವ ಬಂತು.

"ರ‍್ಯಾಮ್ ಅಂದ್ರ ಅಡಗಿಮನಿ ಕಟ್ಟಿ ಇದ್ದಂಗ್ರಿ ಅಮ್ಮಾ" ಎಂದು ಅವನು ನಮ್ಮ ಅಮ್ಮಾನಿಗೂ ವಿವರಿಸಿದ. "ಕಟ್ಟಿ ದೊಡ್ಡದಿದ್ರ ಒಮ್ಮೆಲೇ ನಾಕ ಭಾಂಡೆ ಇಟಕೊಂಡ ಕೆಲಸ ಮಾಡಬಹುದು. ಎಸ್‌ಎಸ್‌ಡಿ ಅಂದ್ರ ಕಪಾಟ. ಸಾಮಾನ ಇಡೂದು ಅಲ್ಲೆ. ವಿಡಿಯೊ ಮಾಡವರಿಗೆ ಎರಡೂ ದೊಡ್ಡದ ಬೇಕು."

ಅಮ್ಮಾ ಕುರ್ಚಿ ಮುಂದೆಳೆದುಕೊಂಡಳು. "ಕಟ್ಟಿ ದೊಡ್ಡದ ಇರ್ಲಿ. ಸಣ್ಣ ಕಟ್ಟ್ಯಾಗ ಕೆಲಸ ಮಾಡು ಅಂದ್ರ ಯಾಕಿ ಮಾಡ್ತಾಳ? ಬೆಳಿಗ್ಗಿಂದ ಸಂಜೀತನಾ ದುಡದ್ರ ಜ್ವರಾ ಗಿರಾ ಬರ್ತೈತೇನಪಾ ಇದಕ್ಕ?"

"ಸ್ವಲ್ಪ ಬೆಚ್ಚಗ ಆಗ್ತೈತ್ರಿ. ಫ್ಯಾನ್ ಐತಿ ಒಳಗ."

"ಕಣ್ಣ ಅದಾವು?"

ಅವನು ಪರದೆಯ ಮೇಲಂಚಿನ ಕ್ಯಾಮೆರಾ ತೋರಿಸಿದ. "ಒಂದ ಐತ್ರಿ. ದೃಷ್ಟಿ ಸುಮಾರು."

"ಇರ್ಲಿ ಬಿಡು. ನನಗೂ ಮೊನ್ನಿತನಾ ಒಂದ ಇತ್ತು."

ಬಸವರಾಜ ನಗುತ್ತ ನನ್ನ ಕಡೆ ನೋಡಿದ. ನಾನೂ ನಕ್ಕೆ. ಅಮ್ಮಾ ಸೀರೆ ಆರಿಸುವುದೂ ಹೀಗೇ, ಬದನೆಕಾಯಿ ಆರಿಸುವುದೂ ಹೀಗೇ. ಹತ್ತು ಮಾತು ಕೇಳದೆ ಕೈಯಲ್ಲಿ ಹಿಡಿಯುವವಳಲ್ಲ.

ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಬಸವರಾಜ ತಾನಾಗಿಯೇ ಒಳಗಿನ ಮೂಲೆಯಲ್ಲಿದ್ದ ರಟ್ಟಿನ ಪೆಟ್ಟಿಗೆಗಳನ್ನು ಬದಿಗೆ ಸರಿಸಿ, ನೆಲ ಒರೆಸಿ ಜಾಗ ಮಾಡಿಕೊಟ್ಟ. ಅಮ್ಮಾ ಎಲ್ಲಿಗೆ ಹೋದರೂ ಚೀಲದಲ್ಲಿ ತಾನೇ ನೇಯ್ದ ಜಾನಮಾಜು, ಅಂದರೆ ನಮಾಜಿನ ಪುಟ್ಟ ಜಮಖಾನೆ, ಇರುತ್ತದೆ. ಅದನ್ನು ಹಾಸಿ ನಮಾಜು ಮುಗಿಸಿ, ಮಡಚಿಕೊಂಡು ಬಂದವಳು ಕಪ್ಪು ಕನ್ನಡಕ ತೆಗೆದಳು. ಪೊರೆ ತೆಗೆಸಿದ ಮೊದಲ ದಿನ ಇದೇ ಜಾನಮಾಜನ್ನು ನೋಡಿ ಅವಳು, "ಯಾ ಅಲ್ಲಾ, ನಾ ನೇಯ್ದಿದ್ದ ಕೆಂಪು ಇಷ್ಟ ಕೆಂಪಿತ್ತೇನ?" ಎಂದು ಬೆರಗಾಗಿದ್ದಳು. ಎಷ್ಟೋ ವರ್ಷ ಎಲ್ಲ ಬಣ್ಣವನ್ನೂ ಹಳದಿ ಗಾಜಿನ ಹಿಂದಿನಿಂದ ನೋಡಿದ್ದಳಂತೆ.

"ನಾಜಿಯಾ, ಇದರ ಫೋಟೊ ಹೊಡಿ. ಹೊಡದ ಇಷ್ಟೂ ಮಶೀನ್‌ನ್ಯಾಗ ಹಾಕ" ಅಂದಳು.

ಎಲ್ಲ ಪರದೆಗಳ ಮೇಲೂ ಜಾನಮಾಜು ಬಂತು. ಅಮ್ಮಾ ನಿಜವಾದದ್ದನ್ನು ಒಂದೊಂದರ ಪಕ್ಕ ಹಿಡಿದು ಹಿಡಿದು ನೋಡಿದಳು.

"ಇದಕ್ಕ ರಕ್ತ ಕಡಿಮಿ. ಹಿಂದಕ್ಕ ಇಡು." ಮುಂದಿನದು: "ಇದು ಎದುರಿಗೆ ನಿಂತ್ರ ಒಂದ ಮಾರಿ, ಬಾಜುಕ ಬಂದ್ರ ಮಾರಿ ಕಪ್ಪ ಮಾಡ್ತೈತಿ. ಇಂಥಾದ್ದು ಮನಿಗೆ ಬ್ಯಾಡ." ಅದರ ಮುಂದಿನದು: "ಇದಕ್ಕ ಅಗದಿ ಕಾಮಾಲಿ ಆಗೈತಿ."

ಬಸವರಾಜ ಬಗ್ಗಿ ನೋಡಿ, ಏನೋ ಒತ್ತಿದ. ಕಣ್ಣಿಗೆ ತಂಪಾಗಲೆಂದು ಪರದೆಯನ್ನು ಹಳದಿ ಮಾಡುವ ಗುಂಡಿಯನ್ನು ಯಾರೋ ಒತ್ತಿ ಬಿಟ್ಟಿದ್ದರಂತೆ. ಕೆಂಪು ಒಮ್ಮೆಲೇ ಎದ್ದು ನಿಂತಿತು. "ಕಾಮಾಲಿ ಹೋತ ನೋಡ್ರಿ ಅಮ್ಮಾ!"

"ಔಷಧ ಇಲ್ಲದ ಹೋತೇನ? ಶಾಣ್ಯಾ ಅದಿ ನೀ." ಅಮ್ಮಾ ಮುಂದೆ ಬಗ್ಗಿ, ಹೊಸ ಕಣ್ಣು ಕಿರಿದು ಮಾಡಿ, ಜಾನಮಾಜನ್ನೂ ಪರದೆಯನ್ನೂ ಸುಮಾರು ಹೊತ್ತು ನೋಡಿದಳು. ಆಮೇಲೆ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿ ತೂಗಿದಳು. "ಹಗರ ಐತಿ. ಹೋಗಿ ಬಂದ ಮಾಡಾಕ ಅಡಚಣಿ ಇಲ್ಲ. ಇದರ ಬೆನ್ನಿಗೆ ಏನೇನ ಬರ್ತೈತಿ?"

"ಚಾರ್ಜರ್, ಚೀಲ, ಒಂದ ಮೌಸು."

"ಆತು. ಇದ ಇರ್ಲಿ."

ಅದು ಗಣಿತದವರು ಹೇಳಿದ್ದೂ ಅಲ್ಲ, ವಿಜ್ಞಾನದವರು ಹೇಳಿದ್ದೂ ಅಲ್ಲ. ಆದರೆ ಕಟ್ಟೆಯೂ ಕಪಾಟೂ ಸಾಕಷ್ಟು ದೊಡ್ಡವಿದ್ದವು, ನಾಜಿಯಾ ಮೆಲ್ಲಗೆ ತಲೆಯಾಡಿಸಿದಳು. ನಾನು ಕೊಂಡೆ.

ಅಮ್ಮಾನನ್ನು ಮನೆ ಮುಟ್ಟಿಸಿ ಒಂದು ರಾತ್ರಿ ಉಳಿದು ಬರುವುದು ಎಂದು ಮೊದಲೇ ಮಾತಾಗಿತ್ತು. ನವಲಗುಂದದ ಬಸ್ಸಿನಲ್ಲಿ ಅವಳು ಲ್ಯಾಪ್‌ಟಾಪಿನ ಚೀಲವನ್ನು ನಾಜಿಯಾಳ ಕೈಗೂ ಕೊಡದೆ ತನ್ನ ಮಡಿಲಲ್ಲೇ ಇಟ್ಟುಕೊಂಡು, ಧೂಳು ಬರುತ್ತದೆಂದು ಸೆರಗು ಹೊದಿಸಿದಳು. ಮನೆಯ ಮುಂದೆ ಬಂದಾಗ ಚೀಲವನ್ನು ನನ್ನ ಕೈಗಿತ್ತು, "ಅಲ್ಲೇ ನಿಲ್ಲ. ಹೊಸ್ತಿಲಾ ದಾಟಬ್ಯಾಡ" ಅಂದಳು. ತಾನು ಒಳಗೆ ಹೋಗಿ ಕೂಗಿದಳು.

"ಶಮೀಮ್! ಹೊಸ್ತಿಲಕ್ಕ ಹಾಕಾಕ ಎಣ್ಣಿ ತಗೊಂಡ ಬಾ. ಸಕ್ಕರಿನೂ ತಾ."

ಭಾಬಿ ಎಣ್ಣೆಯ ಬಟ್ಟಲು ಹಿಡಿದು ಓಡಿಬಂದಳು. "ಯಾರ ಬಂದಾರಮ್ಮಾ?"

"ಸೊಸಿ ಬಂದಾಳ."

ಭಾಬಿ ನಮ್ಮ ಹಿಂದೆ ಬೀದಿಯನ್ನೆಲ್ಲ ಇಣುಕಿ ನೋಡಿದಳು. ಅಲ್ಲಿ ಒಂದು ಆಡು ಬಿಟ್ಟರೆ ಯಾರೂ ಇರಲಿಲ್ಲ. ಅಮ್ಮಾ ಹೊಸ್ತಿಲಿನ ಎರಡೂ ಕೊನೆಗೆ ಎಣ್ಣೆ ಹನಿಸಿ, ಚೀಲದ ಮೇಲೆ ಕೈಯಾಡಿಸಿ ಲಟಿಕೆ ಮುರಿದಳು. ಸಕ್ಕರೆ ತಿನ್ನಿಸಲು ಲ್ಯಾಪ್‌ಟಾಪಿಗೆ ಬಾಯಿಲ್ಲವಾದ್ದರಿಂದ ಅದನ್ನು ನಾಜಿಯಾಳ ಬಾಯಿಗೆ ಹಾಕಿದಳು.

"ಅಮ್ಮಾ, ಇದೇನ?" ಎಂದೆ.

"ಏನಂದ್ರ? ಮಗಳಿಗೆ ಕಲಸೂದಿಲ್ಲ, ಮಗಳ ಮಗಳಿಗೂ ಕಲಸೂದಿಲ್ಲ. ನಿನ್ನ ದಾದಿಗೆ ಮಾತ ಕೊಟ್ಟೀನಿ, ಮುರ್ಯಾಕಿ ಅಲ್ಲ ನಾ. ಆದ್ರ ಸೊಸಿಗೆ ಕಲಸಬ್ಯಾಡ ಅಂತ ಯಾರರ ಹೇಳ್ಯಾರೇನು? ಈ ಮನಿಗೆ ಇನ್ನ ಸೊಸಿ ಎಲ್ಲಿಂದ ಬರಬೇಕು? ನಾನ ಹೋಗಿ ಹೆಣ್ಣ ನೋಡಿ, ಆರಿಸಿ ತಂದೀನಿ."

ನನಗೆ ಕಟ್ಟೆ, ಜ್ವರ, ಒಂದೇ ಕಣ್ಣು, ಕಾಮಾಲೆ ಎಲ್ಲವೂ ಒಟ್ಟಿಗೆ ಅರ್ಥವಾದವು. ಭಾಬಿ ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಿದ್ದಳು, ಕಣ್ಣಲ್ಲಿ ನೀರಿತ್ತು.

"ಆದ್ರ ನಾನಿ, ಇದು ಯರಗುಪ್ಪಿಗೆ ಹೋಗೂದು" ಎಂದಳು ನಾಜಿಯಾ, ಬಾಯಲ್ಲಿ ಸಕ್ಕರೆ ಇಟ್ಟುಕೊಂಡೇ.

"ಹೋಗ್ಲಿ. ನೌಕರಿ ಮಾಡೂ ಸೊಸಿ ಅತ್ತಿಮನ್ಯಾಗ ಕುಂಡ್ರತಾಳೇನು? ಸಾಲಿ ಸೂಟ್ಯಾಗ ಬರ್ಲಿ."

"ಹಂಗಾದ್ರ ನನ್ನ ಮೊಬೈಲಿನ್ಯಾಗ ಶೂಟ್ ಮಾಡ್ತೀನಿ. ಅದರ ಕ್ಯಾಮೆರಾ ಛಲೋ ಐತಿ."

"ಬ್ಯಾಡ! ಅದು ಊರೆಲ್ಲಾ ತಿರಗೂದು. ಅದನ್ನ ಹೊರಗ ಇಡ."

ಮರುದಿನ ಬೆಳಿಗ್ಗೆ ಅಮ್ಮಾ ಪರದೆ ಸರಿಸಿ, "ಬರ್ರಿ" ಅಂದಳು. ನಾನು ಅಭ್ಯಾಸಬಲದಿಂದ ಹೊರಗೇ ನಿಂತೆ.

"ನಾನೂ ಬರ್ಲೇನಮ್ಮಾ?"

"ಹೊಸಾ ಸೊಸಿ ಒಬ್ಬಾಕಿನ ಹೆಂಗ ಬರ್ತಾಳ? ಬಾಜುಕ ಯಾರರ ಹಿಡಕೊಂಡ ಬರಬೇಕಲ್ಲ. ಬಾ."

ಹಾಗೆ, ಸೊಸೆಯನ್ನು ಎದೆಗೊತ್ತಿ ಹಿಡಿದುಕೊಂಡು, ನಾನು ಹುಟ್ಟಿದ ಮನೆಯ ಆ ಕೋಣೆಗೆ ಮೊದಲ ಸಲ ಕಾಲಿಟ್ಟೆ. ನೂಲಿನ ವಾಸನೆ, ಬಣ್ಣದ ಬಟ್ಟಲುಗಳ ಕಲೆ, ಕೂತು ಕೂತು ನುಣುಪಾದ ಎರಡು ಮಣೆ. ನವಿಲು ಎಲ್ಲೂ ಕಾಣಲಿಲ್ಲ.

ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ, ಅದರ ಒಂಟಿ ಕಣ್ಣು ಮಗ್ಗದ ಕಡೆ ಬರುವಂತೆ ಇಟ್ಟೆವು. ಅಮ್ಮಾ ಮತ್ತೊಂದು ಕರಾರು ಹಾಕಿದಳು. "ನೀವಿಬ್ಬರೂ ಮಗ್ಗದ ಕಡೆ ಬೆನ್ನ ಮಾಡಿ ಕುಂಡ್ರರಿ. ಸೊಸಿ ಮಾರಿ ನೋಡ್ರಿ. ಮಗ್ಗ ನೋಡಬ್ಯಾಡ್ರಿ." ಹಾಗೇ ಕುಳಿತೆವು. ಬೆನ್ನ ಹಿಂದೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಅಮ್ಮಾ ಮತ್ತು ಭಾಬಿ ನೇಯುತ್ತಿದ್ದರು. ನಾವು, ತಲೆ ಅಡ್ಡ ಬರದಂತೆ ಒಂದು ಬದಿಗೆ ವಾಲಿ, ಅದನ್ನೆಲ್ಲ ಲ್ಯಾಪ್‌ಟಾಪಿನಲ್ಲಿ ನೋಡುತ್ತಿದ್ದೆವು. ಮಗಳಿಗೆ ಕಲಿಸಲಿಲ್ಲ. ಮಗಳು ಮಗ್ಗ ನೋಡಲಿಲ್ಲ. ಅಮ್ಮಾ ಒಂದೊಂದು ಹಂತವನ್ನೂ, "ಸೊಸೀ, ಇಲ್ಲೆ ನೋಡವಾ, ಎಳಿ ಹಿಂಗ ತಗೋಬೇಕು" ಎಂದು ಲ್ಯಾಪ್‌ಟಾಪಿಗೇ ಹೇಳಿ ಹೇಳಿ ತೋರಿಸಿದಳು. ಅವಳು ತೋರಿಸಿದ್ದೇನೆಂದು ನಾನಿಲ್ಲಿ ಬರೆಯುವುದಿಲ್ಲ. ಅದು ಮನೆಯೊಳಗಿನ ಮಾತು.

ಯರಗುಪ್ಪಿಗೆ ಬಂದು ನಾಜಿಯಾ ಅದನ್ನು ಕತ್ತರಿಸಿ ಜೋಡಿಸಿದಳು. ಯಂತ್ರಕ್ಕೆ ಜ್ವರವೇನೂ ಬರಲಿಲ್ಲ, ಸ್ವಲ್ಪ ಬೆಚ್ಚಗಾಯಿತು ಅಷ್ಟೆ. ಮುಂದಿನ ರವಿವಾರ ಹೋಗಿ ನಾನಿಗೆ ತೋರಿಸಿದಳು. ಅಮ್ಮಾ ನೋಡುತ್ತ ನೋಡುತ್ತ ಹುಬ್ಬು ಗಂಟಿಕ್ಕಿದಳು.

"ಈ ಹೂವಿನಿಂದ ಆ ಹೂವಿಗೆ ಒಮ್ಮೆಲೇ ಹೆಂಗ ಬಂದ್ನಿ? ನಡುವಿನ ಸಾಲ ಎಲ್ಲಿ ಹೋದ್ವು?"

"ಅದೆಲ್ಲಾ ಒಂದ ಥರಾ ಇತ್ತು ನಾನಿ. ನೋಡವರಿಗೆ ಬ್ಯಾಸರಾಗ್ತೈತಿ ಅಂತ ತಗದ್ನಿ."

"ನಾ ಅದನ್ನ ಬ್ಯಾಸರಾ ಇಲ್ಲದ ನೇಯ್ದೀನೇನು? ಬ್ಯಾಸರಾಗೂದೂ ಸೊಸಿಗೆ ಗೊತ್ತಾಗಬೇಕು. ಹಾಕ ಹೊಳ್ಳಿ."

ಕೊನೆಗೆ ಎರಡು ವಿಡಿಯೊ ಆದವು. ಸಣ್ಣದರಲ್ಲಿ ಅಮ್ಮಾನ ಮುಖ, ಪಂಜಾದ ಸದ್ದು, ಮುಗಿದ ನವಿಲು. ಅದು ಶಾಲೆಗೆ ಹೋಯಿತು. ಚಿತ್ರ ಮಸುಕು, ಸದ್ದು ಸೊಗಸು ಎಂದರು, ಮಕ್ಕಳು ಚಪ್ಪಾಳೆ ತಟ್ಟಿದರು. ನಾಜಿಯಾಳ ಮುಖ ಊದಿದ್ದು ಇಳಿಯಿತು. ಉದ್ದನೆಯದು, ಬೇಸರದ ಸಾಲುಗಳೆಲ್ಲ ಇರುವಂಥದು, ಲ್ಯಾಪ್‌ಟಾಪಿನ ಕಪಾಟಿನಲ್ಲಿದೆ. ಪ್ರಶ್ನೆಪತ್ರಿಕೆ ಮುಗಿಸಿದ ಮೇಲೆ ಎಷ್ಟೋ ಸಲ ನಾನು ಅದನ್ನು ಹಾಕಿಕೊಂಡು ಕೂತಿದ್ದೇನೆ. ಮನೆಯ ತುಂಬ ಪಂಜಾದ ಸದ್ದು. ಎಷ್ಟು ಒಳ್ಳೆಯ ನಿದ್ದೆ ಬರುತ್ತದೆ ಎಂದರೆ, ಪೂರ್ತಿ ನೋಡಿ ಮುಗಿಸಲು ಬಹಳ ದಿನ ಬೇಕಾದವು.

ಆಮೇಲೆ ಬಕ್ರೀದಿಗೆ ನಾವು ನವಲಗುಂದಕ್ಕೆ ಹೋದೆವು. ಮಗ್ಗದ ಮೇಲೆ ಲ್ಯಾಪ್‌ಟಾಪಿನ ಅಳತೆಯ ಒಂದು ಪುಟ್ಟ ಜಮಖಾನೆ ಮುಗಿಯುವ ಹಂತಕ್ಕೆ ಬಂದು ನಿಂತಿತ್ತು. ನವಿಲುಗಳು ಆಗಿದ್ದವು.

"ಸೊಸಿ ಏನ ಕಲ್ತಾಳ ನೋಡೂಣು" ಅಂದಳು ಅಮ್ಮಾ. "ಆದ್ರ ಅಕಿಗೆ ಕೈ ಇಲ್ಲ. ಅಕಿ ಪರವಾಗಿ ನೀ ಕುಂಡ್ರು."

ನಾನು ಅಮ್ಮಾನ ಮಣೆಯ ಮೇಲೆ ಕುಳಿತೆ. ಲ್ಯಾಪ್‌ಟಾಪನ್ನು ಪಕ್ಕದಲ್ಲಿ ತೆರೆದಿಟ್ಟೆವು. ನೂಲು ಹಿಡಿದು ಶುರು ಮಾಡಿದ್ದೇ ಭಾಬಿ ನಗತೊಡಗಿದಳು. ಅವರು ಬಲದಿಂದ ಹೋಗುವಲ್ಲಿ ನಾನು ಎಡದಿಂದ ಹೊರಟಿದ್ದೆ. ಆ ದಿನ ಕೋಣೆಯಲ್ಲಿ ಕಂಡದ್ದು ಹಾಗೇ ಮನಸ್ಸಿನಲ್ಲಿ ಕೂತುಬಿಟ್ಟಿತ್ತು, ಆಮೇಲಿನ ವಿಡಿಯೊವನ್ನಂತೂ ನಿದ್ದೆಗಣ್ಣಿನಲ್ಲೇ ನೋಡಿದ್ದು.

"ಅಮ್ಮಿ, ಅವತ್ತ ನಾವು ಲ್ಯಾಪ್‌ಟಾಪಿನ್ಯಾಗ ನೋಡಿದ್ದು ಕನ್ನಡಿಯೊಳಗ ನೋಡಿದಂಗ. ಎಡಾ ಬಲಾ ಅದಲಬದಲ" ಎಂದಳು ನಾಜಿಯಾ.

ಅಷ್ಟು ಹೊತ್ತಿಗೆ ನಾನು ಸಾಲಿನ ಕೊನೆ ಮುಟ್ಟಿದ್ದೆ. ಅಮ್ಮಾ ಬಗ್ಗಿ, ಹೊಸ ಕಣ್ಣಿನಿಂದ ನೋಡಿ, ಸಾಲಿನ ಉದ್ದಕ್ಕೂ ಬೆರಳು ಎಳೆದಳು. ಸಡಿಲಾದ ಕಡೆ ಬೆರಳು ನಿಂತಿತು.

"ಬಿಚ್ಚಲೇನಮ್ಮಾ?" ಎಂದು ಭಾಬಿ ಕೇಳಿದಳು.

"ಬಿಡ, ಇರ್ಲಿ" ಎಂದು ಅಮ್ಮಾ ಪಂಜಾ ತೆಗೆದುಕೊಂಡು, ಅದರ ಮೇಲೆ ಮುಂದಿನ ಸಾಲು ಹಾಕಿ ಬಡಿದಳು.